ಬನಿಯನ್ ತೆಗೆಯದ ಮನುಷ್ಯ

ನಮ್ಮ ಕಡೆ ಗಂಡಸರು ಮನೆಯಲ್ಲಿ ಅಂಗಿ ಹಾಕುವುದು ನೆಂಟರು ಬಂದಾಗ ಮಾತ್ರ. ಸೆಖೆ ಹಾಗಿರುತ್ತದೆ. ಬಾರ್ಕೂರಿನ ನಮ್ಮ ಕೇರಿಯಲ್ಲಿ ಬೆಳಿಗ್ಗೆ ಹಲ್ಲುಜ್ಜುವವನಿಂದ ಹಿಡಿದು ಸಂಜೆ ಧಾರಾವಾಹಿ ನೋಡುವವನವರೆಗೆ ಎಲ್ಲರೂ ಬರೀ ಲುಂಗಿಯಲ್ಲಿ, ಹೊಟ್ಟೆ ಮುಂದೆ ಮಾಡಿಕೊಂಡು ಇರುವವರೇ. ನಾನೊಬ್ಬ ಮಾತ್ರ ಯಾವಾಗಲೂ ತೋಳಿನ ಬನಿಯನ್ ತೊಟ್ಟವನು. ಕುಂದಾಪುರದಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ ಇದೆ. ಮಾರಿ ಉಳಿದದ್ದನ್ನೆಲ್ಲ ಇವನೇ ಹಾಕಿ ಹರಿಯುತ್ತಾನೆ ಎಂದು ಜನ ಗೇಲಿ ಮಾಡುತ್ತಿದ್ದರು. ಮಾಡಲಿ ಎಂದು ಸುಮ್ಮನಿದ್ದೆ. ನಿಜ ಹೇಳುವುದಕ್ಕಿಂತ ಅದೇ ಸಲೀಸಾಗಿತ್ತು.

ನಿಜವೆಂದರೆ ನನ್ನ ಮೈತುಂಬ ಕೂದಲು. ಎದೆ, ಹೊಟ್ಟೆ ಬಿಡಿ, ಭುಜ ಬೆನ್ನಿನ ಮೇಲೂ. ಹೈಸ್ಕೂಲು ಮುಗಿಯುವ ಹೊತ್ತಿಗೇ ಬಂದಿತ್ತು. ಒಂದು ದಿನ ಹೊಳೆಯಲ್ಲಿ ಮಿಂದು ಮೇಲೆ ಬರುವಾಗ ದಂಡೆಯಲ್ಲಿ ನಿಂತಿದ್ದ ಪಕ್ಕದ ಮನೆಯವರು, “ಹ್ವಾಯ್, ಕಂಬ್ಳಿ ತೆಗ್ದಿಟ್ ಮೀವ್ಕ್ ಆತಿಲ್ಲ್ಯಾ?” ಎಂದರು. ಎಲ್ಲರೂ ನಕ್ಕರು. ಅವರು ಮನೆ ಮುಟ್ಟುವುದರೊಳಗೆ ಆ ಮಾತು ಮರೆತಿರಬೇಕು. ನಾನು ಹೊಳೆಗೆ ಇಳಿಯುವುದನ್ನೇ ಬಿಟ್ಟೆ.

ಮದುವೆಯ ಹಿಂದಿನ ದಿನ, ಊರ ಅಂಗಡಿಯಲ್ಲಿ ಕೇಳಲು ನಾಚಿ ಬ್ರಹ್ಮಾವರದಿಂದ ಬ್ಲೇಡು ತಂದು, ಬಚ್ಚಲಿನ ಬಾಗಿಲು ಹಾಕಿಕೊಂಡು ಎದೆ ಬೋಳಿಸಿದೆ. ಧಾರೆಯ ಹೊತ್ತಿಗೆ ಶುರುವಾದ ತುರಿಕೆ ಒಂದು ವಾರ ಬಿಡಲಿಲ್ಲ. ವಿಷಯ ತಿಳಿದ ಮೇಲೆ ಹೆಂಡತಿ, “ಬೋಳ್ಸಿ ಅಂದೇಳಿ ನಾ ಹೇಳಿದ್ನಾ?” ಎಂದಳು. ಅವಳು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಆದರೂ ಮಲಗುವ ಕೋಣೆಯ ಕತ್ತಲೆ ಬಿಟ್ಟರೆ ಬೇರೆಲ್ಲೂ ನಾನು ಬನಿಯನ್ ತೆಗೆಯಲಿಲ್ಲ.

ಹೀಗೆ ಕಳೆದುಕೊಂಡದ್ದರಲ್ಲಿ ಒಂದನ್ನು ಈಗಲೂ ಮರೆಯಲಾಗಿಲ್ಲ. ನಮ್ಮ ಒಬ್ಬನೇ ಮಗ ಕೂಸಾಗಿದ್ದಾಗ ಮೈ ಸರಿ ಇರಲಿಲ್ಲ. ಅತ್ತೆ ತಮ್ಮೂರಾದ ಕಿರಿಮಂಜೇಶ್ವರದ ದೇವಸ್ಥಾನದಲ್ಲಿ ಬಾಳೆಹಣ್ಣಿನ ತುಲಾಭಾರದ ಹರಕೆ ಹೇಳಿಕೊಂಡಿದ್ದರು. ಮಗುವನ್ನು ತಕ್ಕಡಿಯಲ್ಲಿ ಕೂರಿಸಬೇಕಾದವನು ಅಪ್ಪ. ಗಂಡಸರು ಒಳಗೆ ಹೋಗಬೇಕಾದರೆ ಅಂಗಿ, ಬನಿಯನ್ ಎರಡನ್ನೂ ತೆಗೆಯಬೇಕು. ಹೆಂಡತಿ ಕಡೆಯವರು ಅಷ್ಟೂ ಜನ ನಿಂತಿದ್ದರು. ತಲೆ ತಿರುಗುತ್ತದೆ ಎಂದು ಸುಳ್ಳು ಹೇಳಿ ನಾನು ಹೊರಗಿನ ಜಗಲಿಯಲ್ಲಿ ಕುಳಿತೆ. ಮಗುವನ್ನು ಭಾವ ಎತ್ತಿ ಕೂರಿಸಿದ. ಅದು ಅಳುವುದು ನನಗೆ ಗೋಡೆಯ ಈಚೆ ಕೇಳಿಸುತ್ತಿತ್ತು.

ಆ ಮಗು ಈಗ ಕುಂದಾಪುರದಲ್ಲಿ ಕಾಲೇಜು ಓದುತ್ತಾನೆ. ಕಳೆದ ಬೇಸಿಗೆಯಲ್ಲಿ ಅವನ ಗೆಳೆಯರೆಲ್ಲ ಮರವಂತೆಯ ಕಡಲಿಗೆ ಇಳಿಯಲು ಹೊರಟಿದ್ದರು. ಇವನು ಹಿಂದಿನ ದಿನ ನಮಗ್ಯಾರಿಗೂ ತಿಳಿಯದಂತೆ ಕೂದಲು ಉದುರಿಸುವ ಕ್ರೀಮನ್ನು ಎದೆಗೂ ಬೆನ್ನಿಗೂ ಮೆತ್ತಿಕೊಂಡು, ಬಿಡಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟಿದ್ದಾನೆ. ಚರ್ಮ ಸುಟ್ಟು ಬೊಬ್ಬೆ ಎದ್ದಿತು. ಕಡಲಿಗೆ ಹೋಗಬೇಕಾದವನನ್ನು ನಾನು ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಡಾಕ್ಟರು ಮುಲಾಮು ಬರೆಯುತ್ತ, “ಮನೇಲಿ ಬೇರೆ ಯಾರಿಗಾದರೂ ಹೀಗೆ ಕೂದಲು ಇದೆಯಾ?” ಎಂದು ಕೇಳಿದರು.

“ಇಲ್ಲೆ. ನಂಗೊಬ್ಬಂಗೇ,” ಎಂದ ಮಗ.

ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ಒಂದೇ ಮಾಡಿನ ಕೆಳಗೆ ಇಷ್ಟು ವರ್ಷ ಬದುಕಿದ ಹುಡುಗ ತನ್ನ ಅಪ್ಪನ ಬೆನ್ನನ್ನು ಒಮ್ಮೆಯೂ ನೋಡಿರಲಿಲ್ಲ. ಅಲ್ಲಿ ಬಾಯಿ ಬಿಡಬೇಕಾಗಿತ್ತು. ನಾನು ಡಾಕ್ಟರ ಕೈಯ ಪೆನ್ನು ನೋಡುತ್ತ ಕುಳಿತೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಉಣ್ಣುತ್ತಿದ್ದವನು ಅವನು.

ಬೆನ್ನಿನ ಬೊಬ್ಬೆ ಅವನಿಗೆ ಕಾಣುವುದಿಲ್ಲವೆಂದು ಮನೆಯಲ್ಲಿ ಮುಲಾಮು ಹಚ್ಚಲು ನಾನೇ ಕುಳಿತೆ. ಸುಟ್ಟ ಜಾಗದ ಸುತ್ತ ಉಳಿದ ಕೂದಲು ಭುಜದಿಂದ ನಡುವಿಗೆ ಇಳಿಯುವ ರೀತಿ ನನ್ನದೇ. ನನಗೆ ಇನ್ನು ತಡೆಯಲಾಗಲಿಲ್ಲ. ಬನಿಯನ್ನನ್ನು ತಲೆಯ ಮೇಲಿಂದ ಎಳೆದು ತೆಗೆದು, “ಮಗ, ಹಿಂದ್ ತಿರ್ಗಿ ಕಾಣ್,” ಎಂದೆ.

ಅವನು ತಿರುಗಿ ನನ್ನ ಎದೆ, ಭುಜ ನೋಡಿದ. ನಗುತ್ತಾನೆ ಅಂದುಕೊಂಡಿದ್ದೆ, ಅಥವಾ ಅವನ ಎದೆಯ ಭಾರ ಇಳಿಯುತ್ತದೆ ಅಂತ.

“ಇದನ್ನ್ ಮುಚ್ಚೂಕೇ ನೀವ್ ಬನಿಯನ್ ಹಾಯ್ಕಂತಿದ್ದದ್ದಾ?” ಎಂದು ಕೇಳಿದ.

ಹೌದೆಂದೆ.

“ನಿಮ್ಗೇ ನಾಚ್ಕಿ ಆತ್ತ್ ಅಂದ್ರೆ, ಇದ್ ನಾಚ್ಕಿ ಪಡೂದೇ ಅಲ್ದಾ ಅಪ್ಪಯ್ಯ?”

ಅಲ್ಲ ಮಗ, ಅಲ್ಲ ಎಂದೆ. ಅವನು ಮುಲಾಮು ಇನ್ನೂ ಹಸಿಯಾಗಿರುವಾಗಲೇ ಟೀ-ಶರ್ಟ್ ತೊಟ್ಟುಕೊಂಡ.