ಹಲಗೆಯ ವಿಮಾನ ಹತ್ತಿದ ಹುಡುಗಿ

ಆಗ ಬಸವಕಲ್ಯಾಣದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಚಿಕ್ಕ ಮಕ್ಕಳನ್ನು ಕೂರಿಸಲು ಹಲಗೆಯ ವಿಮಾನವೊಂದನ್ನು ಮಾಡಿಸಿದ್ದೆ. ಮದುವೆಗೆ ತೋರಿಸುವ ಹುಡುಗಿಯರಿಗಾದರೆ ಹೂದಾನಿ.

ಒಂದು ದಿನ ಮಂಠಾಳದ ರೈತರೊಬ್ಬರು ಹದಿನಾರರ ಮಗಳನ್ನು ಕರೆತಂದರು. "ಗಂಡಿನ ಕಡೆಯವ್ರಿಗೆ ಕಳಸಬೇಕ್ರಿ, ಚಂದಾಗಿ ತೆಗೀರಿ" ಎಂದು ಹೇಳಿ ಚಹಾ ಕುಡಿಯಲು ಹೋದರು. ಹೂದಾನಿಯ ಪಕ್ಕ ನಿಂತ ಹುಡುಗಿ ವಿಮಾನದಿಂದ ಕಣ್ಣು ಕೀಳಲೇ ಇಲ್ಲ.

"ಅಣ್ಣಾ, ಅದರಾಗ ಕೂಡ್ಲೇನ್ರಿ? ನಾ ವಿಮಾನ ನಡಸೋದು ಕಲೀಬೇಕಂತ ಮಾಡೇನ್ರಿ. ಮನ್ಯಾಗ ಎಲ್ಲಾರೂ ನಗ್ತಾರ."

"ನಗಲಿ ಬಿಡು. ನೀ ಹತ್ತಿ ಕೂಡವ್ವಾ! ಮೊದಲ ಎಲ್ಲಿಗೆ ಹೊಂಟಿ?"

"ಹುಮನಾಬಾದಿಗ್ರಿ, ಕಾಲೇಜಿಗೆ!"

ನನಗೂ ಹುಚ್ಚು ಹಿಡಿಯಿತು. ನನ್ನ ಕಪ್ಪು ಕನ್ನಡಕ ಅವಳಿಗೆ ಹಾಕಿದೆ, ಬಾಯಲ್ಲೇ ಇಂಜಿನ್ ಗುರ್ರೆನಿಸಿದೆ. ಅವಳು ಬಿದ್ದು ಬಿದ್ದು ನಗುವಾಗ ಕ್ಲಿಕ್ಕಿಸಿದೆ. ಅದು ರೋಲಿನ ಕೊನೆಯ ಫೋಟೋ ಎಂದು ಗೊತ್ತಾದದ್ದು ಅವಳ ಅಪ್ಪ ಬಾಗಿಲಲ್ಲಿ ಬಂದು ನಿಂತಾಗ. ಬೇರೆ ರೋಲ್ ಇರಲಿಲ್ಲ. ಮಗಳನ್ನು ಹೂದಾನಿಯ ಪಕ್ಕ ನಿಲ್ಲಿಸಿ, ಖಾಲಿ ಕ್ಯಾಮೆರಾವನ್ನೇ ಗಂಭೀರವಾಗಿ ಒತ್ತಿದೆ.

ವಾರದ ನಂತರ ಬಂದ ಅಪ್ಪನ ಕೈಗೆ, ಇದ್ದ ಆ ಒಂದೇ ಫೋಟೋ ಇಟ್ಟು ಬೈಗುಳಕ್ಕೆ ತಯಾರಾದೆ. ಅವರು ಬಹಳ ಹೊತ್ತು ನೋಡಿದರು.

"ಇಕಿ ಹಿಂಗ ನಕ್ಕಿದ್ದು ನಾ ನೋಡೇ ಇಲ್ಲರಿ. ಇದನ್ನ ದೊಡ್ಡದು ಮಾಡಿ ಕೊಡ್ರಿ, ಗ್ವಾಡಿಗೆ ಹಾಕ್ತೀನಿ."

"ಮತ್ತ ಗಂಡಿನ ಕಡೆಯವ್ರಿಗೆ?"

"ಪೈಲಟ್ ಬಾಯಿ ಮೊದಲ ಹುಮನಾಬಾದಿಗೆ ಹೋಗಿ ಬರಲಿ. ಆಮ್ಯಾಲ ನೋಡೂಣಂತ."

ರೋಲಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳುವ ಅಭ್ಯಾಸವನ್ನು ನಾನು ಅದರ ನಂತರವೂ ಮಾಡಿಕೊಳ್ಳಲಿಲ್ಲ.