ಹತ್ತಕ್ಕೆ ಹತ್ತು ಅಂಕದ ಭಿನ್ನಾಭಿಪ್ರಾಯ

೨೦೨೩ರಲ್ಲಿ ನಾನು ತಿಪಟೂರಿನಲ್ಲಿ ಒಂದು ಆನ್‌ಲೈನ್ ನರ್ಸಿಂಗ್ ಕೋರ್ಸಿನ ಕೋ-ಆರ್ಡಿನೇಟರ್ ಆಗಿದ್ದೆ. ಜಿಎನ್‌ಎಂ ಡಿಪ್ಲೊಮಾ ಮುಗಿಸಿ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ನರ್ಸ್‌ಗಳು ಕೆಲಸ ಬಿಡದೆ ಪದವಿ ಪೂರೈಸಿಕೊಳ್ಳಲಿ ಎಂದು ಇದ್ದ ಎರಡು ವರ್ಷದ ಕೋರ್ಸ್ ಅದು. ಪಾಠ ಮಾಡುವವರು ಬೇರೆ ಊರಿನಲ್ಲಿದ್ದರು. ಅಸೈನ್‌ಮೆಂಟಿನ ಗಡುವು, ಲಾಗ್‌ಬುಕ್, ವಾರಕ್ಕೊಂದು ಫೋರಂ ಚರ್ಚೆ, ಆ ಚರ್ಚೆಯ ಅಂಕ, ಇಷ್ಟು ನನ್ನ ಪಾಲಿನದು. ನಾನು ನರ್ಸ್ ಅಲ್ಲ. ನನ್ನ ಅರ್ಹತೆ ಎಂದರೆ ಒಂದು ಎಂ.ಎ. ಮತ್ತು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳು. ಅವು ಅರಳಗುಪ್ಪೆಯ ನಮ್ಮ ಮನೆಯಲ್ಲಿ ರಾಗಿ ಡಬ್ಬದ ಪಕ್ಕ ಈಗಲೂ ನಿಂತಿವೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಿಂದ ಮೂವತ್ತೆಂಟು ಜನ ಸೇರಿದ್ದರು. ಫೋರಂ ಎಂದರೆ ಎಲ್ಲರೂ ಓದಬಹುದಾದ ಚರ್ಚೆಯ ಪುಟ. ವಾರದ ಪ್ರಶ್ನೆಗೆ ಉತ್ತರ ಬರೆದರೆ ಆರು ಅಂಕ, ಇನ್ನೊಬ್ಬರ ಉತ್ತರವನ್ನು ವಿಮರ್ಶಿಸಿದರೆ ನಾಲ್ಕು. ಕೊನೆಯ ಸೆಮಿಸ್ಟರಿನ ಮೊದಲ ಮೂರು ವಾರ ವಿಮರ್ಶೆಯ ಜಾಗದಲ್ಲಿ ಬಂದದ್ದೆಲ್ಲ ಒಂದೇ ಮಾತು: “ತುಂಬಾ ಚೆನ್ನಾಗಿ ಬರೆದಿದ್ದೀರಿ ಅಕ್ಕ.” ಇದು ಗೌರವವಲ್ಲ, ಸೋಮಾರಿತನ ಎಂದು ನಾನು ತೀರ್ಮಾನಿಸಿದೆ. ಭಿನ್ನಾಭಿಪ್ರಾಯ ಇಲ್ಲದ ವಿಮರ್ಶೆಗೆ ಅಂಕವಿಲ್ಲ ಎಂದು ನೋಟಿಸ್ ಹಾಕಿ, ಯಾರು ಯಾರ ಉತ್ತರವನ್ನು ವಿಮರ್ಶಿಸಬೇಕೆಂದು ರೋಲ್ ನಂಬರ್ ಪ್ರಕಾರ ಜೋಡಿ ಮಾಡಿದೆ.

ಹಾಗೆ ಭವ್ಯಳಿಗೆ ಸಿಕ್ಕಿದ್ದು ಜಯಮ್ಮ ಸಿಸ್ಟರ್ ಉತ್ತರ. ಇಬ್ಬರೂ ತುರುವೇಕೆರೆಯ ಒಂದೇ ಖಾಸಗಿ ಆಸ್ಪತ್ರೆಯವರು. ಜಯಮ್ಮ ಅಲ್ಲಿಯ ಸರ್ಜಿಕಲ್ ವಾರ್ಡಿನ ಇನ್‌ಚಾರ್ಜ್. ಹತ್ತೊಂಬತ್ತು ವರ್ಷದ ಸರ್ವಿಸ್. ಭವ್ಯ ಅದೇ ವಾರ್ಡಿನ ಸ್ಟಾಫ್ ನರ್ಸ್. ಅವಳ ನಾಲ್ಕು ವರ್ಷದ ಮಗಳು ದಬ್ಬೇಘಟ್ಟದಲ್ಲಿ ಅಜ್ಜಿಯ ಹತ್ತಿರ ಇದ್ದಳು, ಏಕೆಂದರೆ ಶಿಫ್ಟ್ ಕೆಲಸದಲ್ಲಿ ಮಗುವನ್ನು ಜೊತೆಗಿಟ್ಟುಕೊಳ್ಳಲು ಆಗುತ್ತಿರಲಿಲ್ಲ. ತುಮಕೂರಿನ ಒಂದು ನರ್ಸಿಂಗ್ ಶಾಲೆ ಅವಳಿಗೆ ಇನ್‌ಸ್ಟ್ರಕ್ಟರ್ ಹುದ್ದೆ ಕೊಡಲು ಒಪ್ಪಿತ್ತು. ಬೆಳಗ್ಗೆ ಹೋಗಿ ಸಂಜೆ ಬರುವ ಕೆಲಸ. ಷರತ್ತು ಒಂದೇ, ಆ ಬೇಸಿಗೆಯೊಳಗೆ ಪದವಿ ಕೈಗೆ ಬರಬೇಕು.

ಜೋಡಿಗಳ ಪಟ್ಟಿ ನೋಡಿದ ದಿನವೇ ಅವಳು ಫೋನ್ ಮಾಡಿದಳು.

“ಮೇಡಂ, ನಂಗೆ ಬೇರೆ ಯಾರ್ದಾದ್ರೂ ಕೊಡಿ. ಅವ್ರು ನಮ್ಮ ಇನ್‌ಚಾರ್ಜು ಕಣ್ರೀ.”

“ಇನ್‌ಚಾರ್ಜ್ ಆದೋರು ತಪ್ಪು ಹೇಳೋದೇ ಇಲ್ವಾ?”

“ಹೇಳ್ತಾರೆ. ಕೇಳ್ಕೊಂಡಿರ್ತೀವಿ.”

“ಕೇಳ್ಕೊಂಡಿರೋದಕ್ಕೆ ನಾಲ್ಕಕ್ಕೆ ಸೊನ್ನೆ.”

“ಸೊನ್ನೆನೇ ಹಾಕ್ಬುಡಿ ಮೇಡಂ. ಒಂದು ವಾರದ್ದು ತಾನೆ,” ಎಂದು ನಕ್ಕಳು.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. “ನಾಳೆ ಹುಡುಗೀರಿಗೆ ಪಾಠ ಮಾಡೋರು ನೀವು. ಅವ್ರಿಗೂ ತಲೆ ಆಡ್ಸೋದನ್ನೇ ಕಲಿಸ್ತೀರಾ?” ಎಂದೆ. “ಆಯ್ತು ಮೇಡಂ, ಬರೀತೀನಿ,” ಎಂದಳು. ಎದುರಾಳಿಗೆ ಎಲ್ಲಿ ತಾಗುತ್ತದೆ ಎಂದು ಹುಡುಕುವುದು ನನಗೆ ಅಭ್ಯಾಸವಾಗಿತ್ತು.

ಆ ವಾರದ ವಿಷಯ ಹ್ಯಾಂಡೋವರ್, ಅಂದರೆ ಶಿಫ್ಟ್ ಮುಗಿಸುವ ನರ್ಸ್ ಮುಂದಿನವರಿಗೆ ರೋಗಿಗಳನ್ನು ಒಪ್ಪಿಸುವುದು. ತಮ್ಮ ವಾರ್ಡಿನಲ್ಲಿ ಒಂದೊಂದು ಹಾಸಿಗೆಯ ಬಳಿಗೂ ಹೋಗಿ ಒಪ್ಪಿಸುತ್ತೇವೆ ಎಂದು ಜಯಮ್ಮ ಬರೆದಿದ್ದರು. ಭವ್ಯ ಬರೆದದ್ದು ಹೀಗೆ: ವಾಸ್ತವದಲ್ಲಿ ಟೇಬಲ್ ಹತ್ತಿರ ನಿಂತು ಬುಕ್ಕಿಗೆ ಸಹಿ ಮಾಡುತ್ತೇವೆ. ಹೋದ ತಿಂಗಳು ತೆಂಗಿನಮರದಿಂದ ಬಿದ್ದವರೊಬ್ಬರ ಕಾಲಿಗೆ ಪ್ಲಾಸ್ಟರ್ ಹಾಕಿತ್ತು. ಬೆರಳು ನೀಲಿಗಟ್ಟಿದ್ದನ್ನು ಒಂದು ಇಡೀ ಶಿಫ್ಟ್ ಯಾರೂ ನೋಡಲಿಲ್ಲ. ಕೊನೆಗೆ ಬಿಗಿಯಾಗಿದ್ದ ಪ್ಲಾಸ್ಟರ್ ಕತ್ತರಿಸಿದ್ದರಿಂದ ಕಾಲು ಉಳಿಯಿತು.

ಅವಳು ಮೊದಲು ನನಗೆ ಕಳಿಸಿದ ಕರಡಿನಲ್ಲಿ ಇನ್ನೊಂದು ವಾಕ್ಯವಿತ್ತು: “ಆ ದಿನ ಇಪ್ಪತ್ತೆರಡು ಹಾಸಿಗೆಗೆ ಇಬ್ಬರೇ ಇದ್ದೆವು.” ಎದುರು ಪಕ್ಷಕ್ಕೆ ನೀವೇ ಬಲ ಕೊಡಬೇಡಿ ಎಂದು ಅದನ್ನು ತೆಗೆಸಿದೆ. ಅವಳ ಉತ್ತರಕ್ಕೆ ಆರು, ಈ ವಿಮರ್ಶೆಗೆ ನಾಲ್ಕು, ಹತ್ತಕ್ಕೆ ಹತ್ತು ಹಾಕಿದೆ. ಅಷ್ಟಕ್ಕೇ ತೃಪ್ತಿಯಾಗದೆ ‘ಮಾದರಿ ವಿಮರ್ಶೆ’ ಎಂದು ತಲೆಬರಹ ಕೊಟ್ಟು ಮೂವತ್ತೆಂಟು ಜನಕ್ಕೂ ಮೇಲ್ ಮಾಡಿದೆ.

ನಾಲ್ಕೇ ದಿನದಲ್ಲಿ ಅದು ವಾಟ್ಸ್ಯಾಪಿನಲ್ಲಿ ಸುತ್ತಿ ಆಸ್ಪತ್ರೆಯ ಮಾಲೀಕ ಡಾಕ್ಟರ ಕೈ ಸೇರಿತು. ಜಯಮ್ಮನಿಗೆ ಕಾರಣ ಕೇಳಿ ಮೆಮೊ ಬಂತು. ಭವ್ಯಳನ್ನು ಯಾರೂ ಬೈಯಲಿಲ್ಲ. ಜಯಮ್ಮ ಹಾಕುವ ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲಿ ಮಾತ್ರ ಅವಳ ಹೆಸರು ಸರ್ಜಿಕಲ್ ವಾರ್ಡಿನಿಂದ ಹೊರರೋಗಿ ವಿಭಾಗಕ್ಕೆ ಹೋಗಿತ್ತು. ಅದರ ಮುಂದಿನ ತಿಂಗಳೂ ಅಲ್ಲೇ. ಪದವಿಗೆ ಸರ್ಜಿಕಲ್ ವಾರ್ಡಿನಲ್ಲಿ ನೂರಿಪ್ಪತ್ತು ಗಂಟೆಯ ಕೆಲಸ ಬೇಕು, ಪ್ರತಿ ಗಂಟೆಗೂ ಇನ್‌ಚಾರ್ಜ್ ಸಹಿ ಬೇಕು. ಅವಳದು ಎಂಬತ್ತನಾಲ್ಕಕ್ಕೆ ನಿಂತಿತು.

ಬೇರೆ ಆಸ್ಪತ್ರೆಯಲ್ಲಿ ಉಳಿದ ಮೂವತ್ತಾರು ಗಂಟೆ ಮಾಡಲು ಅನುಮತಿ ಕೇಳಿ ಹೆಡ್ ಆಫೀಸಿಗೆ ಮೂರು ಮೇಲ್ ಬರೆದೆ. ಕೆಲಸ ಮಾಡುವ ಸಂಸ್ಥೆಯಲ್ಲೇ ಪೂರೈಸಬೇಕು, ಫೋರಂ ಚರ್ಚೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಆಗ ಬಸ್ ಹತ್ತಿ ತುರುವೇಕೆರೆಗೆ ಹೋದೆ. ಹಾದಿಯುದ್ದಕ್ಕೂ ಪಾಯಿಂಟ್‌ಗಳನ್ನು ಜೋಡಿಸಿಕೊಂಡೆ.

ಜಯಮ್ಮ ಕುರ್ಚಿ ಕೊಟ್ಟರು, ಟೀ ತರಿಸಿದರು. ನನ್ನ ಮಾತನ್ನೆಲ್ಲ ಕೇಳಿದರು.

“ಅವಳು ಬರ್ದಿದ್ದು ಸುಳ್ಳಾ?” ಎಂದು ಕೊನೆಗೆ ಕೇಳಿದೆ.

“ಸುಳ್ಳು ಅಂತ ನಾನೆಲ್ಲಿ ಅಂದೆ? ಅವತ್ತು ಇಬ್ರೇ ಇದ್ವಿ. ಅದೊಂದನ್ನ ಬರ್ದಿದ್ರೆ ಡಾಕ್ಟ್ರು ನನ್ನನ್ನ ಕರೆಯೋ ಮುಂಚೆ, ಇಬ್ರನ್ನೇ ಯಾಕೆ ಇಟ್ಟಿದ್ದೆ ಅಂತ ತಮ್ಮನ್ನ ತಾವೇ ಕೇಳ್ಕೊಳ್ಳೋರು.”

“ಅದನ್ನ ತೆಗೆಸಿದ್ದು ನಾನು.”

“ಇರಬಹುದು ಕಣಮ್ಮ. ಕೆಳಗೆ ಹೆಸರು ಅವಳ್ದಿತ್ತಲ್ಲ.” ಲೋಟ ಎತ್ತಿಟ್ಟರು. “ಚರ್ಚೆ ಮಾಡು ಅಂತ ಹೇಳೋಳು ನೀನು. ನಾಳೆ ಈ ವಾರ್ಡಲ್ಲಿ ನಿಂತ್ಕೊಳ್ಳೋರು ನಾವು. ಟೀ ಕುಡಿ, ಆರೋಗುತ್ತೆ.”

ಅಲ್ಲಿಯವರೆಗೆ ‘ಮೇಡಂ’ ಎನ್ನುತ್ತಿದ್ದವರು ‘ನೀನು’ ಎಂದಿದ್ದರು. ಟೀ ಕುಡಿದು ಎದ್ದು ಬಂದೆ. ಡ್ಯೂಟಿ ಪಟ್ಟಿ ಬದಲಾಗಲಿಲ್ಲ.

ಗಡುವು ದಾಟಿತು. ಭವ್ಯಳ ಅಂಕಪಟ್ಟಿಯಲ್ಲಿ ಕ್ಲಿನಿಕಲ್, ಅಂದರೆ ವಾರ್ಡ್ ಕೆಲಸದ, ಎದುರು ‘ಅಪೂರ್ಣ’ ಎಂದು ಬಂತು. ತುಮಕೂರಿನ ಹುದ್ದೆ ಬೇರೆಯವರ ಪಾಲಾಯಿತು. ಜೂನ್‌ನಲ್ಲಿ ಅವಳು ಕೋರ್ಸ್ ಬಿಟ್ಟು, ಒರಿಜಿನಲ್ ಸರ್ಟಿಫಿಕೇಟ್‌ಗಳನ್ನು ಪಡೆಯಲು ಆಫೀಸಿಗೆ ಬಂದಳು. ಮಗಳನ್ನು ದಬ್ಬೇಘಟ್ಟದ ಶಾಲೆಗೇ ಸೇರಿಸಿದೆ ಎಂದಳು. ಮತ್ತೆ ಸೇರಿಕೊಳ್ಳಿ, ಜಯಮ್ಮನ ಜೊತೆ ನೇರವಾಗಿ ಮಾತಾಡಿ ಎಂದು ನಾನು ಏನೇನೋ ಹೇಳಿದೆ.

“ಮಾತಾಡಿದ್ದೆ ಮೇಡಂ. ನೀವು ಬರೆಸೋಕೂ ಮುಂಚೆ. ಪ್ಲಾಸ್ಟರ್ ಕತ್ತರಿಸಿದ ಮಾರನೇ ದಿನ, ಊಟದ ಹೊತ್ತಲ್ಲಿ, ಇಬ್ರೇ ಇದ್ದಾಗ. ‘ಸಿಸ್ಟರ್, ಹಿಂಗಾಯ್ತು’ ಅಂದೆ. ‘ಹೌದು ಕಣೇ, ತಪ್ಪಾಯ್ತು’ ಅಂದ್ರು. ಅವತ್ತಿಂದ ಪ್ಲಾಸ್ಟರ್ ಹಾಕಿರೋರ ಬೆರಳನ್ನ ಅವ್ರೇ ಹೋಗಿ ಮುಟ್ಟಿ ನೋಡ್ತಾರೆ.”

“ಮತ್ತೆ ಅದನ್ನ ಯಾಕೆ ಬರೀಲಿಲ್ಲ ನೀವು?”

ಅವಳು ಸರ್ಟಿಫಿಕೇಟ್‌ಗಳನ್ನು ಒಂದೊಂದಾಗಿ ಎಣಿಸಿ ಕವರಿಗೆ ಹಾಕಿಕೊಂಡಳು. “ಬರ್ದಿದ್ರೆ ಅದು ಒಪ್ಪಿಗೆ ಆಗೋಗ್ತಿತ್ತು. ನೀವು ಕೇಳಿದ್ದು ಭಿನ್ನಾಭಿಪ್ರಾಯ ಅಲ್ವಾ?”

ಮೇಲಿನವರ ತಪ್ಪನ್ನು ಎತ್ತಿ ಆಡಬಾರದು ಎಂಬ ಪಾಠವನ್ನು ನಾನು ಇದರಿಂದ ಕಲಿತಿಲ್ಲ, ಕಲಿಯುವುದೂ ಇಲ್ಲ. ಆ ಕಾಲು ಒಂದು ಶಿಫ್ಟ್ ಅನಾಥವಾಗಿದ್ದದ್ದು ನಿಜ. ಕಲಿತದ್ದು ಬೇರೆ. ಆ ವಾರ್ಡಿನಲ್ಲಿ ತಪ್ಪನ್ನು ಎತ್ತಿ ಹೇಳಿದವಳಿದ್ದಳು, ಒಪ್ಪಿದವರಿದ್ದರು, ಕೆಲಸವೂ ತಿದ್ದಿಕೊಂಡಿತ್ತು. ಪುಟದ ಮೇಲೆ ಇಲ್ಲದ್ದರಿಂದ ಅಲ್ಲಿ ಚರ್ಚೆಯೇ ಇಲ್ಲ ಎಂದುಕೊಂಡವಳು ನಾನು. ಇನ್ನೊಬ್ಬರ ಕೈಯಲ್ಲಿ ವಾದ ಬರೆಸುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿತ್ತು: ಇದರಲ್ಲಿ ಗೆದ್ದರೆ ನಾಳೆ ನಿಮಗೇನಾಗುತ್ತದೆ? ಇಷ್ಟು ವರ್ಷ ವೇದಿಕೆ ಏರಿ ಇಳಿದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ, ಏಕೆಂದರೆ ಗೆದ್ದ ಮೇಲೆ ನಾನು ಯಾವತ್ತೂ ಕಪ್ ಹಿಡಿದು ಮನೆಗೆ ಹೋಗುತ್ತಿದ್ದೆ ಅಷ್ಟೆ.