ದೇವರಿಗೆ ಹೇಳಿದ ಚಾಡಿ

ಬಾಯಿ ಮುಚ್ಚಿಕೊಂಡು ದೇವರಿಗೆ ಕೈಮುಗಿಯುವುದು ನನ್ನಿಂದಾಗದ ಕೆಲಸ. ಬೆಳಿಗ್ಗೆ ದೇವರ ಜಗಲಿಯ ಮೇಲೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಮನೆಯ ವರದಿಯನ್ನೆಲ್ಲ ಗಟ್ಟಿಯಾಗಿ ಒಪ್ಪಿಸಿಯೇ ಏಳುವವಳು ನಾನು. ಮೊದಲು ಅವನು ಕೊಟ್ಟಿದ್ದಕ್ಕೆ ಶರಣು: ನಳದಲ್ಲಿ ಇವತ್ತು ನೀರು ಬಂತು, ಅತ್ತೆಯವರ ಮೊಣಕಾಲು ತುಸು ಮಡಚುತ್ತಿದೆ, ಗದಗ ಜಿಲ್ಲೆಯಾದ ಮೇಲೆ ನಮ್ಮ ಮನೆಯವರಿಗೆ ಕಚೇರಿ ಕೆಲಸಕ್ಕೆ ಧಾರವಾಡಕ್ಕೆ ಓಡುವುದು ತಪ್ಪಿತು. ಆಮೇಲೆ ತಕರಾರುಗಳು.

ಇದು ನಾನು ಅತ್ತೆಯವರಿಂದ ಕಲಿತ ಪದ್ಧತಿ. ಹೊಸ ಸೊಸೆಯಾದ ನನಗೆ ಅವರು ನೇರವಾಗಿ ಒಂದು ಮಾತೂ ಅಂದವರಲ್ಲ. "ಯಪ್ಪಾ ವೀರಭದ್ರ, ಸಾರಿಗೆ ಉಪ್ಪು ಹಾಕೋ ಬುದ್ಧಿ ಆಕಿಗಿ ಕೊಡಪ್ಪ" ಎಂದು ಜಗಲಿಯ ಮುಂದೆ ಬೇಡಿಕೊಳ್ಳುತ್ತಿದ್ದರು. ಮರುದಿನ ನಾನೂ ಅಲ್ಲೇ ನಿಂತು, "ಯಪ್ಪಾ, ಉಪ್ಪಿನ ಡಬ್ಬಿ ಎಲ್ಲಿ ಇಟ್ಟಾರಂತ ಅವರಿಗಿ ನೆನಪ ಮಾಡಪ್ಪ" ಎನ್ನುತ್ತಿದ್ದೆ. ಟಪಾಲು ಮುಟ್ಟಿಸುವ ಕೆಲಸ ವೀರಭದ್ರನದು. ಹೀಗೆ ಹದಿನೇಳು ವರ್ಷ ನಾವಿಬ್ಬರೂ ಒಮ್ಮೆಯೂ ಜಗಳವಾಡಲಿಲ್ಲ.

ಮಗಳು ಅಕ್ಷತಾ ಬೆಟಗೇರಿಯ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಗಣಿತದ ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಆರು ಬಂತು. ನಾನು ರೂಢಿಯಂತೆ ಅದನ್ನೂ ಜಗಲಿಯ ಮುಂದೆ ಒಪ್ಪಿಸಿದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಗಿರಿಜಕ್ಕ ಪೂಜೆಗೆಂದು ನಮ್ಮ ಕಿಟಕಿಯ ಹೊರಗೆ ದಾಸವಾಳದ ಹೂ ಹರಿಯುತ್ತಿದ್ದಳು. ಅವಳ ಮಗಳೂ ಅದೇ ಕ್ಲಾಸು.

ಅಂದಿನಿಂದ ಅಕ್ಷತಾ ಮಂಕಾದಳು. ಏನಾಯಿತೆಂದು ಕೇಳಿದರೆ "ಏನಿಲ್ಲ." ಒಂದು ಸಂಜೆ, "ನಾ ಮುಂಡರಗಿ ಅತ್ತಿ ಮನ್ಯಾಗ ಇದ್ದು ಅಲ್ಲೇ ಸಾಲಿ ಕಲೀತೀನಿ" ಎಂದಳು. ಸೋದರತ್ತೆಯ ಮೇಲಿನ ಪ್ರೀತಿ ಎಂದುಕೊಂಡೆ ನಾನು, ದಡ್ಡಿ.

ಅಕ್ಷತಾಳ ಶಾಲೆಯಲ್ಲಿ ಶನಿವಾರಕ್ಕೊಂದು ಹೊಸ ಪಿರಿಯಡ್ಡು ಶುರುವಾಗಿತ್ತು. ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಸಿಟ್ಟು, ಅಂಜಿಕೆ, ನಾಚಿಕೆ ಬಂದಾಗ ಏನು ಮಾಡಬೇಕು, ಗೆಳತಿಯರೊಡನೆ ಹೇಗಿರಬೇಕು ಎಂದು ಒಬ್ಬ ಟೀಚರು ಮಾತಾಡಿಸುತ್ತಾರಂತೆ. "ಸಿಟ್ಟಿಗೂ ಸಾಲಿ ಬೇಕೇನವ್ವ, ನಮ್ಮ ಮನೆತನಕ್ಕ ಅದು ಕಲೀದನ ಬರ್ತೈತಿ" ಎಂದು ನಕ್ಕಿದ್ದೆ. ಆ ವಾರ ಮನೆಪಾಠ ಕೊಟ್ಟಿದ್ದರು: ನೋವು ಮಾಡಿದವರ ಮುಖ ನೋಡಿ, ಕೂಗಾಡದೆ, ಆದದ್ದನ್ನು ಹೇಳಿ ಬನ್ನಿ.

ರೊಟ್ಟಿ ಬಡಿಯುತ್ತಿದ್ದೆ. ಅಕ್ಷತಾ ತಟ್ಟೆ ಹಿಡಿದು ಎದುರಿಗೆ ಬಂದು ಕುಂತಳು.

"ಅವ್ವ, ನನ್ನ ಮಾರ್ಕ್ಸ ನೀ ದೇವರಿಗಿ ಹೇಳಿದ್ದಕ್ಕ ನನಗ ಭಾಳ ನಾಚಿಗಿ ಆತು. ಸಾಲ್ಯಾಗ ಎಲ್ಲಾರೂ ನನಗ 'ಆರವ್ವ ಬಂದ್ಲು' ಅಂತಾರ. ಮುಂಡರಗಿಗೆ ಹೋಗ್ತೀನಂದದ್ದು ಅದಕ್ಕ."

"ದೇವರಿಗಿ ಹೇಳೂದು ತಪ್ಪೇನವ್ವ?"

"ದೇವರಿಗಿ ಹೇಳು. ಗಿರಿಜಕ್ಕಗ ಕೇಳೂವಂಗ ಯಾಕ ಹೇಳ್ತಿ?"

ಹಂಚಿನ ಮೇಲೆ ರೊಟ್ಟಿ ಸೀದಿತು. ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ನಡುಗಲಿಲ್ಲ. ಹದಿನಾಲ್ಕರ ಹುಡುಗಿಗೆ ಬಂದ ಮಾತು ನಲವತ್ತು ದಾಟಿದ ನನಗೆ ಬರಲಿಲ್ಲ. ತಪ್ಪಾಯಿತು ಎನ್ನುವ ಬದಲು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟೆ. ನಮ್ಮ ಕಡೆ ತಾಯಂದಿರು ಕ್ಷಮೆ ಕೇಳುವ ರೀತಿಯೇ ಅದು. ಅವಳು ಬೆಣ್ಣೆ ಮುಟ್ಟದೆ ಎದ್ದಳು.

ಮರುದಿನ ತುಟಿ ಬಿಗಿಹಿಡಿದು ಪೂಜೆಗೆ ನಿಂತೆ. ಎರಡು ನಿಮಿಷದಲ್ಲಿ ವೀರಭದ್ರ ಮರೆತುಹೋಗಿ, ಮಡಿಕೆಕಾಳು ನೆನೆಹಾಕಿದೆನೋ ಇಲ್ಲವೋ ಎಂಬ ಚಿಂತೆ ಹತ್ತಿತು. ಅಡುಗೆಮನೆಗೆ ಹೋಗಿ ನೋಡಿಬಂದೆ. ಹಾಕಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಅಪ್ಪನಿಗೆ, "ಇವತ್ತ ಮುಂಡರಗಿಗೆ ಫೋನ ಹಚ್ರಿ" ಎಂದಳು. ನಾನು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟೆ. ನೇರ ಜಗಲಿಯ ಮುಂದೆ ನಿಂತು ಶುರುಮಾಡಿದೆ: "ಯಪ್ಪಾ ವೀರಭದ್ರ, ಮಗಳ ಮನಸ್ಸ ನೋಯಿಸೀನಿ, ಆಕಿಗಿ ನೀನ..."

"ಅವ್ವ," ಎಂದು ಹಿಂದಿನಿಂದ ದನಿ ಬಂತು. "ನಾ ಇಲ್ಲೇ ನಿಂತೀನಿ. ಈ ಕಡಿ ತಿರುಗಿ ಹೇಳಬೇ."

ತಿರುಗಿದೆ. "ತಪ್ಪಾತವ್ವ" ಎಂದೆ. ಅಷ್ಟಕ್ಕೇ ಬೆವತುಹೋದೆ.

ಅವಳು ನನ್ನನ್ನೇ ನೋಡುತ್ತಿದ್ದಳು. "ಗಿರಿಜಕ್ಕನ ಮುಂದೂ ಹೇಳ್ತಿಯೇನ?"

"ಹೇಳ್ತೀನಿ."

"ಗಟ್ಟ್ಯಾಗಿ?" ಎಂದು ಕೇಳುವಾಗ ತುಟಿಯಂಚಿನಲ್ಲಿ ನಗು ಬಂದುಬಿಟ್ಟಿತ್ತು. ಪಾಟಿಚೀಲ ಹೆಗಲಿಗೇರಿಸಿ ತನ್ನ ಶಾಲೆಗೇ ಹೊರಟಳು. ಮುಂಡರಗಿಗೆ ಫೋನು ಹೋದದ್ದು ನಿಜ, ದಸರಾ ರಜೆಗೆ ಬರುತ್ತಾಳೆಂದು ಹೇಳಲು.

ಉರಿಯುವ ದೀಪದ ಮುಂದೆ ದೇವರಿಗೆ ಬೆನ್ನುಮಾಡಿ ನಿಂತಿದ್ದೆನಲ್ಲ ಎಂದು ಆಮೇಲೆ ಅಂಜಿಕೆಯಾಯಿತು. ಆದರೆ ಮಗಳ ಕಡೆ ಮುಖ ಮಾಡಿ ನಿಂತವಳನ್ನು, ತನಗೆ ಬೆನ್ನು ತೋರಿಸಿದಳು ಎಂದು ಅವನು ತಿಳಿಯಲಾರ.